ಆರನೆಯ ಕ್ಯಾಸೆಟ್

ವಿಡಿಯೊ ಕ್ಯಾಸೆಟ್ ಕೈಗೆ ಬಂದೊಡನೆ ನಾನು ಡಬ್ಬಿಯ ಮೇಲಿನ ಚಿತ್ರವನ್ನು ನೋಡುವುದಿಲ್ಲ. ಬದಿಯ ಪುಟ್ಟ ಗುಂಡಿ ಒತ್ತಿ, ಮುಂದಿನ ಮುಚ್ಚಳ ಎತ್ತಿ, ಟೇಪನ್ನು ಬೆಳಕಿಗೆ ಓರೆಯಾಗಿ ಹಿಡಿಯುತ್ತೇನೆ. ಸುರುಳಿಯ ಅಂಚಿನಲ್ಲಿ ಹಿಟ್ಟು ಉದುರಿದಂತೆ ಬಿಳಿ ಕಂಡರೆ ಅದು ಬೂಷ್ಟು. ಹಾಗೆಯೇ ವಿಸಿಆರ್‌ಗೆ ಹಾಕಿದರೆ ಯಂತ್ರದೊಳಗೆ ಮೆತ್ತಿಕೊಂಡು, ಮುಂದೆ ಹಾಕುವ ಕ್ಯಾಸೆಟ್‌ಗಳಿಗೂ ಅಂಟುತ್ತದೆ. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿದ ಮೇಲಂತೂ ಇರುವ ಯಂತ್ರವನ್ನು ಕಣ್ಣಿನಂತೆ ಕಾಯುತ್ತಿದ್ದೇನೆ.

ಅಮೆರಿಕದ ಓಹಾಯೋದ ಹಳೆ ಸಾಮಾನಿನ ಅಂಗಡಿಗಳಲ್ಲಿ ನಾನು ಹುಡುಕುವುದು ಮೂನ್‌ಬೀಮ್ ಚಿತ್ರಗಳನ್ನು. ಭಯಾನಕ ಚಿತ್ರಗಳಿಗೆ ಹೆಸರಾದ ಚಾರ್ಲ್ಸ್ ಬ್ಯಾಂಡ್ 1993ರಲ್ಲಿ ಮಕ್ಕಳ ಚಿತ್ರಗಳಿಗಾಗಿ ತೆರೆದ ಶಾಖೆ ಅದು. ಮೊದಲು ಬಂದದ್ದು ‘ಪ್ರಿಹಿಸ್ಟೀರಿಯಾ’. ‘ಜುರಾಸಿಕ್ ಪಾರ್ಕ್’ ಬಂದ ವರ್ಷವೇ ಬಂದ ಈ ಚಿತ್ರದಲ್ಲಿ ಡೈನೋಸಾರ್‌ಗಳು ಮನೆಯಲ್ಲಿ ಸಾಕುವಷ್ಟು ಚಿಕ್ಕವು; ಒಂದರ ಹೆಸರು ಎಲ್ವಿಸ್, ಇನ್ನೊಂದರದು ಮಡೋನಾ. ಮರುವರ್ಷದ ‘ಡ್ರ್ಯಾಗನ್‌ವರ್ಲ್ಡ್’ನಲ್ಲಿ ಸ್ಕಾಟ್ಲೆಂಡಿನ ವೇಷ ತೊಟ್ಟದ್ದು ಚಿತ್ರೀಕರಣ ನಡೆದ ರೊಮೇನಿಯಾ.

ಉದ್ಯಾವರದ ವಿಠಲಾಚಾರ್ಯರ ಮಾಯಾಮಂತ್ರದ ಚಿತ್ರಗಳನ್ನು ಟೆಂಟಿನಲ್ಲಿ ಕಣ್ಣರಳಿಸಿ ನೋಡಿದ ನನಗೆ ಇವು ಪರಕೀಯ ಎನಿಸಲೇ ಇಲ್ಲ. ಪ್ರಿಹಿಸ್ಟೀರಿಯಾದ ಡೈನೋಸಾರ್‌ಗಳಿಗೆ ಜೀವ ಕೊಟ್ಟದ್ದು ಡೇವಿಡ್ ಅಲೆನ್ ಅವರ ತಂಡ. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫ್ರೇಮ್, ಮತ್ತಷ್ಟು ಸರಿಸಿ ಇನ್ನೊಂದು. ಪರದೆಯ ಮೇಲಿನ ಒಂದು ಸೆಕೆಂಡಿಗೆ 24 ಫ್ರೇಮ್. ಅಂಥ ದೃಶ್ಯವನ್ನು ನಿಧಾನವಾಗಿ ಓಡಿಸಿದರೆ ಬಾಲ ಹೊರಳುವಲ್ಲಿ ಸಣ್ಣದೊಂದು ತಡವರಿಕೆ ಕಾಣುತ್ತದೆ. ಆ ತಡವರಿಕೆಗಾಗಿಯೇ ನಾನು ಇವನ್ನು ಕೂಡಿಡುತ್ತಿದ್ದೇನೆ. ಅಲ್ಲಿ ಯಾರದೋ ಬೆರಳು ತಾಗಿತ್ತು.

‘ಜೋಶ್ ಕರ್ಬಿ’ 1995-96ರಲ್ಲಿ ಬಂದ, ಮೂನ್‌ಬೀಮ್‌ನದೇ ಆರು ಭಾಗಗಳ ಸರಣಿ. ಐದು ಸಿಕ್ಕವು. ಆರನೆಯದಕ್ಕೆ ಮೂರು ವರ್ಷ ಕಾದೆ. ಕೊನೆಗೆ ಸಿಕ್ಕಿದಾಗ ಸುರುಳಿಯ ತುಂಬ ಬೂಷ್ಟು. ಮೂಗಿಗೆ ಮಾಸ್ಕ್ ಕಟ್ಟಿ ಹಿತ್ತಲಿನಲ್ಲಿ ಕುಳಿತು, ಐದು ಸ್ಕ್ರೂ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲ್ ಸೋಕಿಸಿದ ನೂಲುದುರದ ಬಟ್ಟೆಯ ನಡುವೆ ಟೇಪನ್ನು ಕೈಯಿಂದಲೇ ಸುತ್ತುತ್ತಾ ಒರೆಸಿದೆ. ಒಂದೂವರೆ ಗಂಟೆಯ ಚಿತ್ರವೆಂದರೆ ಸುಮಾರು 180 ಮೀಟರ್ ಟೇಪು. ಎಳೆದರೆ ಹಿಗ್ಗುತ್ತದೆ, ಸಡಿಲ ಬಿಟ್ಟರೆ ಮಡಿಚಿಕೊಳ್ಳುತ್ತದೆ. ಎರಡು ಸಂಜೆ ಅದರಲ್ಲೇ ಕಳೆದವು. ಮೂರನೆಯ ಸಂಜೆ, ಹೋದರೆ ಹೋಗಲಿ ಎಂದು ಬೇರೆಯಾಗಿಟ್ಟಿದ್ದ ಹಳೆಯ ಯಂತ್ರಕ್ಕೆ ಹಾಕಿದೆ. ಮೊದಲ ನಿಮಿಷವೆಲ್ಲ ಬಿಳಿ ಗೆರೆಗಳು. ಆಮೇಲೆ ಬಣ್ಣ ಬಂತು, ಶಬ್ದ ಬಂತು. ಮಗಳನ್ನು ಕೂಗಿ ಕರೆದೆ.