ಒತ್ತಕ್ಷರ ಓದಿ ನೋಡಿ ಮಾನಿಟರ್ ಆರಿಸಿದ್ದು

ನನ್ನ ಮೇಜಿನ ಕೆಲಸ ಇಷ್ಟು: ದಿನವಿಡೀ ಎಕ್ಸೆಲ್, ಪಕ್ಕದಲ್ಲಿ ಕನ್ನಡದ ಪತ್ರವೋ ಸುತ್ತೋಲೆಯ ಪಿಡಿಎಫ್ಫೋ, ನಡುನಡುವೆ ಟ್ಯಾಲಿ. 24 ಇಂಚಿನ ಫುಲ್ ಎಚ್‌ಡಿ (1920×1080 ಪಿಕ್ಸೆಲ್) ಸಾಲದೆ ದೊಡ್ಡದಕ್ಕೆ ಹೋಗಬೇಕಾಯಿತು. ಕೊನೆಗೆ ತಂದದ್ದು 32 ಇಂಚಿನ 4ಕೆ (3840×2160 ಪಿಕ್ಸೆಲ್), ಐಪಿಎಸ್ ಎಂಬ ಬಗೆಯ ಪ್ಯಾನೆಲ್. ಅಲ್ಲಿಗೆ ಬರುವವರೆಗಿನ ಲೆಕ್ಕ ಇಲ್ಲಿದೆ. ನಿಮ್ಮ ಮೇಜಿನ ಅಳತೆ ಹಾಕಿದರೆ ಉತ್ತರ ಬೇರೆಯೇ ಬಂದೀತು.

ಮೊದಲು ಟೇಪು ಹಿಡಿದು ಕಣ್ಣಿನಿಂದ ಪರದೆಗಿರುವ ದೂರ ಅಳೆಯಿರಿ. ಹಾಯಾಗಿ ಒರಗಿ ಕೂತು, ಇನ್ನೊಬ್ಬರ ಕೈಯಲ್ಲಿ ಅಳತೆ ತೆಗೆಸಿ. ಒಬ್ಬರೇ ಅಳೆಯಲು ಹೋದರೆ ನಮಗರಿವಿಲ್ಲದೆ ಮುಂದಕ್ಕೆ ಬಾಗಿರುತ್ತೇವೆ. ಸಾಮಾನ್ಯ ಕಚೇರಿ ಮೇಜಿನ ಆಳ 60 ಸೆಂ.ಮೀ., ಅಂದರೆ ಎರಡಡಿ. ಗೋಡೆಗೆ ತಾಗಿಸಿಟ್ಟ ಮೇಜಿನಲ್ಲಿ ಸ್ಟ್ಯಾಂಡಿನ ಪಾದವೇ 15ರಿಂದ 20 ಸೆಂ.ಮೀ. ತಿನ್ನುತ್ತದೆ. ಉಳಿದ 40–45ಕ್ಕೆ ಮೇಜಿನ ಅಂಚಿನಿಂದ ಕಣ್ಣಿಗಿರುವ 15–20 ಸೇರಿಸಿದರೆ 55ರಿಂದ 65 ಸೆಂ.ಮೀ. ನನ್ನದು 63 ಬಂತು.

ಆಮೇಲೆ ಪಿಕ್ಸೆಲ್ ಪಿಚ್, ಅಂದರೆ ಪರದೆಯ ಒಂದು ಚುಕ್ಕೆಯಿಂದ (ಪಿಕ್ಸೆಲ್) ಪಕ್ಕದ ಚುಕ್ಕೆಗಿರುವ ದೂರ. ಪ್ರತಿ ಮಾನಿಟರಿನ ವಿವರಪಟ್ಟಿಯಲ್ಲಿ ಇದು ಮಿಲಿಮೀಟರಿನಲ್ಲಿ ಇರುತ್ತದೆ. ಅದನ್ನು 344ರಿಂದ ಗುಣಿಸಿದರೆ, ಎಷ್ಟು ಸೆಂ.ಮೀ. ದೂರದಿಂದ ನೋಡಿದಾಗ ಪಿಕ್ಸೆಲ್‌ಗಳು ಬೇರೆ ಬೇರೆಯಾಗಿ ಕಾಣುವುದು ನಿಲ್ಲುತ್ತದೆ ಎಂಬ ಲೆಕ್ಕ ಸಿಗುತ್ತದೆ. ಸರಿಯಾದ ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದವರೆಗೆ ಬಿಡಿಸಿ ನೋಡಬಲ್ಲದು, ಅದರಿಂದ ಬಂದ ಸಂಖ್ಯೆ ಇದು. 24 ಇಂಚಿನ ಫುಲ್ ಎಚ್‌ಡಿಯ ಪಿಚ್ 0.275, ದೂರ 94 ಸೆಂ.ಮೀ. 27 ಇಂಚಿನ ಫುಲ್ ಎಚ್‌ಡಿಗೆ 107. ಅದೇ 27 ಇಂಚಿನಲ್ಲಿ 2560×1440 ಇದ್ದರೆ 80, 4ಕೆ ಇದ್ದರೆ 53. 32 ಇಂಚಿಗೆ 1440 ಸಾಲುಗಳಷ್ಟೇ ಇದ್ದರೆ ಮತ್ತೆ 94ಕ್ಕೆ ಹೋಗುತ್ತದೆ, 4ಕೆ ಇದ್ದರೆ 63. 43 ಇಂಚಿನ 4ಕೆಗೆ 84. ನಿಮ್ಮ ಅಳತೆ ಈ ದೂರಕ್ಕಿಂತ ಹತ್ತು ಸೆಂ.ಮೀ. ಕಡಿಮೆಯಾದರೆ ಇಂಗ್ಲಿಷ್ ಅಕ್ಷರಕ್ಕೆ ಏನೂ ಆಗುವುದಿಲ್ಲ. ಕನ್ನಡಕ್ಕೆ ಆಗುತ್ತದೆ.

ಕಾರಣ ಹೇಳುತ್ತೇನೆ. ವಿಂಡೋಸ್ ಅಕ್ಷರ-ಚಿತ್ರಗಳನ್ನು ಎಷ್ಟು ಪಟ್ಟು ದೊಡ್ಡದಾಗಿ ತೋರಿಸಬೇಕೆಂಬ ಹೊಂದಿಕೆಯೇ ಸ್ಕೇಲ್. 100% ಸ್ಕೇಲಿನಲ್ಲಿ 11 ಪಾಯಿಂಟ್ ಅಕ್ಷರಕ್ಕೆ ಸಿಗುವ ಎತ್ತರ ಹೆಚ್ಚುಕಮ್ಮಿ 15 ಪಿಕ್ಸೆಲ್. ಅಷ್ಟರಲ್ಲೇ ತಲೆಕಟ್ಟು, ಅಕ್ಷರ, ಕೆಳಗಿನ ಒತ್ತು ಮೂರೂ ಹಿಡಿಸಬೇಕು. ಒತ್ತಿಗೆ ಉಳಿಯುವುದು ನಾಲ್ಕೈದು ಪಿಕ್ಸೆಲ್. ‘ದ’ಕ್ಕೂ ‘ಧ’ಕ್ಕೂ ವ್ಯತ್ಯಾಸ ಅಡಿಯಲ್ಲಿರುವ ಒಂದು ಸಣ್ಣ ಸೀಳು, ಅದು ಒಂದೇ ಪಿಕ್ಸೆಲ್ಲಿಗೆ ಇಳಿದಾಗ ಓದುವವರು ಅಂದಾಜಿನ ಮೇಲೆ ಓದುತ್ತಾರೆ. ‘ರಾಷ್ಟ್ರೀಯ’ದಲ್ಲಿ ಟ ಒತ್ತು, ರ ಒತ್ತು ಒಂದಕ್ಕೊಂದು ಅಂಟಿಕೊಂಡು ಕಪ್ಪು ಚುಕ್ಕೆಯಾಗುತ್ತವೆ. ಸಂಜೆ ಹೊತ್ತಿಗೆ ಕಣ್ಣು ಸೋಲುವುದು ಈ ಊಹೆಯ ಕೆಲಸದಿಂದಲೇ ಎಂದು ನನ್ನ ನಂಬಿಕೆ. 32 ಇಂಚಿನ 4ಕೆಗೆ 150% ಸ್ಕೇಲ್ ಕೊಟ್ಟರೆ ಅದೇ ಅಕ್ಷರ 22 ಪಿಕ್ಸೆಲ್‌ನಲ್ಲಿ ಮೂಡುತ್ತದೆ. ಗಾತ್ರ ಹಳೇ 24 ಇಂಚಿನಲ್ಲಿದ್ದಷ್ಟೇ, ಆದರೆ ಗೆರೆಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವಿನಲ್ಲಿ ಒಂದು ಪುಟದ ಪಿಡಿಎಫ್ ಒಯ್ಯಿರಿ. ನನ್ನ ಪುಟದಲ್ಲಿ ಸ್ತ್ರೀ, ರಾಷ್ಟ್ರೀಯ, ಜ್ಯೋತ್ಸ್ನಾ, ಅರ್ಥಶಾಸ್ತ್ರ, ಸಂಸ್ಕೃತ, ಬುದ್ಧಿ ಎಂಬ ಪದಗಳು 9, 11, 14 ಪಾಯಿಂಟಿನಲ್ಲಿದ್ದವು. ಜೊತೆಗೆ ನುಡಿ ಫಾಂಟಿನ ಒಂದು ಪ್ಯಾರಾ, ಬಿಳಿಯ ಮೇಲೆ ಕೆಂಪು ಅಂಕಿಗಳ ನಾಲ್ಕು ಸಾಲು. ಅಂಗಡಿಯಲ್ಲಿ ಓಡುತ್ತಿರುವ ಹೂವು-ಜಲಪಾತದ ವಿಡಿಯೊ ಯಾವ ಮಾನಿಟರಿನಲ್ಲೂ ಚೆನ್ನಾಗಿಯೇ ಕಾಣುತ್ತದೆ. ಅದರಿಂದ ಕಚೇರಿ ಕೆಲಸಕ್ಕೆ ತಿಳಿಯುವುದೇನೂ ಇಲ್ಲ.

ಎಷ್ಟು ಹಿಡಿಸುತ್ತದೆ ಎಂಬುದು ಮುಂದಿನ ಪ್ರಶ್ನೆ. 32 ಇಂಚಿನ ಪರದೆ ಸುಮಾರು 70 ಸೆಂ.ಮೀ. ಅಗಲ, 39 ಎತ್ತರ. 150%ನಲ್ಲಿ ಜಾಗದ ಲೆಕ್ಕ 2560×1440ಕ್ಕೆ ಸಮ. ವರ್ಡ್‌ನಲ್ಲಿ 100% ಜೂಮಿನ ಎ4 ಪುಟಕ್ಕೆ ಬೇಕಾದ್ದು 794×1123. ಮೇಲಿನ ರಿಬ್ಬನ್, ಕೆಳಗಿನ ಟಾಸ್ಕ್‌ಬಾರ್ ಕಳೆದರೂ ಇಡೀ ಪುಟ ತಲೆಯಿಂದ ಬುಡದವರೆಗೆ ಕಾಣುತ್ತದೆ. ನಿಜವಾದ ಎ4 ಹಾಳೆಯನ್ನು ಪರದೆಗೆ ಹಿಡಿದರೆ ಒಂದು ಸೆಂ.ಮೀ. ಹೆಚ್ಚುಕಮ್ಮಿ ಸರಿ ಕೂರುತ್ತದೆ. ಎರಡು ಪುಟ ಅಕ್ಕಪಕ್ಕ ಇಟ್ಟ ಮೇಲೂ ಇನ್ನೊಂದು ಕಿರಿದಾದ ಕಿಟಕಿಗೆ ಜಾಗ ಉಳಿಯುತ್ತದೆ. ಫುಲ್ ಎಚ್‌ಡಿಯಲ್ಲಿ ಒಂದು ಪುಟದ ಮುಕ್ಕಾಲು ಭಾಗ ಮಾತ್ರ ಕಾಣುತ್ತಿತ್ತು, ಸಹಿಯ ಜಾಗ ನೋಡಲು ಪ್ರತಿ ಸಲ ಸ್ಕ್ರೋಲ್ ಮಾಡಬೇಕಿತ್ತು. ಎಕ್ಸೆಲ್‌ನ ಮಾಮೂಲಿ ಕಾಲಂ 64 ಪಿಕ್ಸೆಲ್ ಅಗಲ, ಹೀಗಾಗಿ ಫುಲ್ ಎಚ್‌ಡಿಯಲ್ಲಿ 29 ಕಾಲಂ, ಇಲ್ಲಿ 39. ಚಿಕ್ಕಂಕಿಗೆ ಹೆದರದವರು 125%ಗೆ ಇಳಿಸಿದರೆ ಇನ್ನೂ ಏಳೆಂಟು ಸಿಗುತ್ತವೆ.

34 ಇಂಚಿನ ಅಲ್ಟ್ರಾವೈಡ್ ಬಗ್ಗೆ ಬಹಳ ಜನ ಕೇಳುತ್ತಾರೆ. ಅದರ ಅಗಲ 80 ಸೆಂ.ಮೀ., ಎತ್ತರ ಮಾತ್ರ 27 ಇಂಚಿನಷ್ಟೇ. ಬಹಳ ಕಾಲಂಗಳ ಹಾಳೆಗೆ ಒಳ್ಳೆಯದು, ಪತ್ರ ಓದುವವರಿಗೆ ಅಷ್ಟಿಲ್ಲ. 43 ಇಂಚಿನದು 94 ಸೆಂ.ಮೀ. ಅಗಲ. 60 ಸೆಂ.ಮೀ. ಮೇಜಿನಲ್ಲಿಟ್ಟರೆ ಮೂಲೆ ನೋಡಲು ಪ್ರತಿ ಸಲ ಕತ್ತು ತಿರುಗಿಸಬೇಕು. ಮೇಜಿನ ಆಳ 80 ಇದ್ದವರು ಮಾತ್ರ ಅತ್ತ ನೋಡಿ.

ಅಗ್ಗಕ್ಕೆ ಸಿಗುತ್ತದೆಂದು 43 ಇಂಚಿನ ಟಿವಿಯನ್ನೇ ಮಾನಿಟರ್ ಮಾಡುವವರು ಕೆಂಪು ಅಂಕಿಯ ಸಾಲನ್ನು ತಪ್ಪದೆ ನೋಡಬೇಕು. ಎಷ್ಟೋ ಟಿವಿಗಳು ಬಣ್ಣದ ಮಾಹಿತಿಯನ್ನು ಪ್ರತಿ ಪಿಕ್ಸೆಲ್ಲಿಗೂ ಇಟ್ಟುಕೊಳ್ಳದೆ ಅಕ್ಕಪಕ್ಕದ ಪಿಕ್ಸೆಲ್‌ಗಳಿಗೆ ಹಂಚಿಬಿಡುತ್ತವೆ. ಸಿನಿಮಾದಲ್ಲಿ ಗೊತ್ತಾಗುವುದಿಲ್ಲ, ಬಣ್ಣದ ಅಕ್ಷರ ಮಾತ್ರ ಹರಡಿದಂತೆ ಕಾಣುತ್ತದೆ. ಆ ಇನ್‌ಪುಟ್‌ಗೆ ‘ಪಿಸಿ’ ಎಂದು ಹೆಸರು ಕೊಟ್ಟಾಗ ಕೆಲವು ಟಿವಿಗಳಲ್ಲಿ ಸರಿಹೋಗುತ್ತದೆ. ಆಗದಿದ್ದರೆ ಆ ಟಿವಿ ಬೇಡ.

ಪ್ಯಾನೆಲ್ ವಿಷಯ ಚಿಕ್ಕದು. ವಿಎ, ಐಪಿಎಸ್ ಎರಡೂ ಎಲ್‌ಸಿಡಿ ಪ್ಯಾನೆಲ್‌ನ ಬಗೆಗಳು. ವಿಎ ಪ್ಯಾನೆಲ್‌ನ ಕಪ್ಪು ಗಾಢ, ಕಾಂಟ್ರಾಸ್ಟ್ 3000:1ರ ಆಸುಪಾಸು, ಐಪಿಎಸ್‌ನದು 1000:1. ಆದರೆ ದೊಡ್ಡ ಪರದೆಯನ್ನು ಹತ್ತಿರದಿಂದ ನೋಡಿದಾಗ ಅಂಚುಗಳು ಓರೆಯಾಗಿಯೇ ಕಣ್ಣಿಗೆ ಬೀಳುತ್ತವೆ. ಓರೆಯಲ್ಲಿ ವಿಎ ಮಾಸುತ್ತದೆ, ಎಕ್ಸೆಲ್‌ನ ತಿಳಿ ಬೂದು ಗೆರೆಗಳು ಅಂಚಿನಲ್ಲಿ ಕಳೆದುಹೋಗುತ್ತವೆ. ಅದಕ್ಕೇ ಐಪಿಎಸ್. ಹೊಳಪಿನ ಗಾಜು ಬೇಡ, ಮ್ಯಾಟ್ ಇರಲಿ.

ಹೆಚ್ಚು ಎಡವಟ್ಟಾಗುವುದು ಕೇಬಲ್ಲು, ಪೋರ್ಟುಗಳಲ್ಲಿ. 4ಕೆ ಮಾನಿಟರ್ ಹಚ್ಚಿದಾಗ ಮೌಸ್ ಬಾಣ ತಡೆತಡೆದು ಚಲಿಸಿದರೆ ಪರದೆ 30 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 30 ಸಲ ಚಿತ್ರ ಬದಲಿಸುತ್ತ) ಓಡುತ್ತಿದೆ ಎಂದರ್ಥ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದು ನೋಡಿ, 60 ಇರಬೇಕು. ಎಚ್‌ಡಿಎಂಐ 1.4 ಪೋರ್ಟು 4ಕೆಯನ್ನು 30ಕ್ಕಷ್ಟೇ ಕೊಡುತ್ತದೆ, 60ಕ್ಕೆ 2.0 ಬೇಕು. ಹಳೇ ಕಚೇರಿ ಡೆಸ್ಕ್‌ಟಾಪ್‌ಗಳಲ್ಲಿ ಎಚ್‌ಡಿಎಂಐ 1.4 ಇದ್ದರೂ ಪಕ್ಕದಲ್ಲೇ ಡಿಸ್‌ಪ್ಲೇಪೋರ್ಟ್ 1.2 ಇರುವುದುಂಟು. ಆ ಕೇಬಲ್ ಹಾಕಿದರೆ ಹೊಸ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ 60 ಬರುತ್ತದೆ. ವಿಜಿಎ ಒಂದೇ ಇರುವ ಯಂತ್ರಕ್ಕೆ 4ಕೆ ತರಬೇಡಿ. ಕೆಲವು ಮಾನಿಟರುಗಳು ಪೆಟ್ಟಿಗೆಯಿಂದ ಬರುವಾಗಲೇ ಮೆನುವಿನಲ್ಲಿ ಎಚ್‌ಡಿಎಂಐ 1.4 ಆಯ್ಕೆಯಾಗಿರುತ್ತದೆ, ಕೇಬಲ್ ಬದಲಿಸುವ ಮೊದಲು ಅದನ್ನು ನೋಡಿ.

ಲ್ಯಾಪ್‌ಟಾಪ್ ಆದರೆ ಯುಎಸ್‌ಬಿ-ಸಿ ಇರುವ ಮಾನಿಟರಿಗೆ ಸ್ವಲ್ಪ ಹೆಚ್ಚು ಕೊಡಬಹುದು. ಒಂದೇ ಕೇಬಲ್ಲಿನಲ್ಲಿ ಚಿತ್ರ, ಚಾರ್ಜು, ಕೀಬೋರ್ಡು ಎಲ್ಲ ಮುಗಿಯುತ್ತದೆ. ಎರಡು ಸಂಗತಿ ನೋಡಿಕೊಳ್ಳಿ. ಲ್ಯಾಪ್‌ಟಾಪಿನ ಆ ಪೋರ್ಟು ಚಿತ್ರ ಕಳಿಸಬಲ್ಲದೇ? ಪಕ್ಕದಲ್ಲಿ ಡಿಸ್‌ಪ್ಲೇಪೋರ್ಟ್ ಅಥವಾ ಥಂಡರ್‌ಬೋಲ್ಟ್ ಗುರುತಿರುತ್ತದೆ, ಇಲ್ಲದಿದ್ದರೆ ವಿವರಪಟ್ಟಿ ನೋಡಬೇಕು. ಇನ್ನೊಂದು ವ್ಯಾಟ್: ಲ್ಯಾಪ್‌ಟಾಪಿನ ಚಾರ್ಜರ್ 65 ಇದ್ದರೆ ಮಾನಿಟರೂ 65 ಕೊಡಬೇಕು. ಕಡಿಮೆಯಾದರೆ ಚಾರ್ಜು ಏರುತ್ತಿರುವಂತೆ ಕಂಡರೂ ಕೆಲಸ ಹೆಚ್ಚಿದಾಗ ಬ್ಯಾಟರಿ ಇಳಿಯುತ್ತದೆ.

ಸ್ಟ್ಯಾಂಡು ಮೇಲೆ-ಕೆಳಗೆ ಆಗುವಂಥದ್ದೇ ಬೇಕು. ಆಗದಿದ್ದರೆ ಹಿಂಬದಿಯಲ್ಲಿ 100×100 ಮಿ.ಮೀ. ಅಂತರದ ವೆಸಾ ಸ್ಕ್ರೂ ರಂಧ್ರಗಳಾದರೂ ಇರಲಿ, ಮುಂದೆ ಮಾನಿಟರನ್ನು ಎತ್ತಿ ಹಿಡಿಯುವ ತೋಳು (ಮಾನಿಟರ್ ಆರ್ಮ್) ಹಾಕಬಹುದು. ತೋಳಿನ ತೂಕದ ಮಿತಿಯನ್ನು ಸ್ಟ್ಯಾಂಡ್ ಬಿಟ್ಟು ಮಾನಿಟರಿನ ತೂಕಕ್ಕೆ ಹೋಲಿಸಿ. ನಮ್ಮ ಕಚೇರಿ ಮೇಜುಗಳ 18 ಮಿ.ಮೀ. ಪಾರ್ಟಿಕಲ್ ಬೋರ್ಡು ತೋಳಿನ ಕ್ಲ್ಯಾಂಪಿನ ಬಿಗಿತಕ್ಕೆ ಒಳಗೆ ಕುಸಿಯುತ್ತದೆ. ಮೇಲೂ ಕೆಳಗೂ ಒಂದೊಂದು ಅಂಗೈ ಅಗಲದ ಉಕ್ಕಿನ ತಟ್ಟೆ ಇಟ್ಟು ಬಿಗಿಯಬೇಕು. ಗಾಜಿನ ಮೇಜಿಗೆ ತೋಳು ಹಾಕುವ ಯೋಚನೆಯೇ ಬೇಡ.

32 ಇಂಚಿಗೆ ಮೇಲ್ಪಟ್ಟ ಮಾನಿಟರಿಗೆ ಜಿಎಸ್‌ಟಿ 28% ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದೂ 18%. ಹಾಗಾಗಿ ತೆರಿಗೆ ಉಳಿಸಲೆಂದೇ 32ಕ್ಕೆ ನಿಲ್ಲುವ ಕಾರಣ ಈಗಿಲ್ಲ.

ಮಾನಿಟರ್ ಬಂದ ದಿನವೇ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಬಣ್ಣವನ್ನು ಪರದೆ ತುಂಬ ತಂದು ಒಂದೊಂದನ್ನೂ ಸಾವಧಾನವಾಗಿ ನೋಡಿ. 4ಕೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್ ಇವೆ, ಒಂದೆರಡು ಸತ್ತಿದ್ದರೆ ಎಷ್ಟೋ ಕಂಪನಿಗಳ ವಾರಂಟಿ ಅದನ್ನು ದೋಷವೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಾರಾಟಗಾರರ ವಾಪಸಾತಿ ಅವಧಿಯೊಳಗೆ ಹೇಳಿದರೆ ಮಾತ್ರ ಬದಲಿಗೆ ದಾರಿ. ಬ್ರೈಟ್‌ನೆಸ್ ಇಳಿಸಿ, ಫೋನಿನ ಕ್ಯಾಮೆರಾದಲ್ಲಿ ಶಟರ್ 1/1000ಕ್ಕೆ ಇಟ್ಟು ಬಿಳಿ ಪರದೆ ನೋಡಿ. ಕಪ್ಪು ಪಟ್ಟೆಗಳು ಹರಿದರೆ ಹಿಂಬೆಳಕು ಮಿನುಗುತ್ತಿದೆ, ತಲೆನೋವಿನವರಿಗೆ ಅಂಥದ್ದು ಆಗದು. ಆಮೇಲೆ ವಿಂಡೋಸ್‌ನ ಕ್ಲಿಯರ್‌ಟೈಪ್ (ಅಕ್ಷರಗಳನ್ನು ನಿಚ್ಚಳವಾಗಿಸುವ) ಹೊಂದಿಕೆಯನ್ನು ಹೊಸ ಪರದೆಯ ಮೇಲೆ ಒಂದು ಸಲ ಮಾಡಿ, ಕನ್ನಡದ ಪುಟ ಮತ್ತೆ ತೆರೆಯಿರಿ.

ಕಾರ್ಖಾನೆಯಿಂದ ಬರುವ ಬ್ರೈಟ್‌ನೆಸ್ ಕಚೇರಿಗೆ ವಿಪರೀತ ಹೆಚ್ಚು. ಖಾಲಿ ಎ4 ಹಾಳೆಯನ್ನು ಪರದೆಯ ಪಕ್ಕ ಹಿಡಿದು, ಪರದೆಯ ಬಿಳಿ ಹಾಳೆಯ ಬಿಳಿಗೆ ಹೊಂದುವವರೆಗೆ ಇಳಿಸಿ. ನನ್ನದು ನೂರರಲ್ಲಿ 35ಕ್ಕೆ ನಿಂತಿತು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೋ ತುಸು ಕೆಳಗೋ ಇರಲಿ. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿರುವ ಪ್ರೊಗ್ರೆಸಿವ್ ಕನ್ನಡಕದವರು ಗದ್ದ ಎತ್ತದೆ ಓದಲು ಇನ್ನೂ ನಾಲ್ಕೈದು ಸೆಂ.ಮೀ. ತಗ್ಗಿಸಿ, ಪರದೆಯನ್ನು ಹಿಂದಕ್ಕೆ ಸ್ವಲ್ಪ ವಾಲಿಸಬೇಕು.