ಆಂಡಿಸ್‌ನ ಪಾಕೋಗಳ ಬಳಿ ಕಲಿಯಲು ಹೊರಡುವವರಿಗೆ

ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲಿ ರೋಗಕ್ಕೆ ಮದ್ದು ಕೊಡುವವರೂ ಬೆಟ್ಟಕ್ಕೆ ಪೂಜೆ ಸಲ್ಲಿಸುವವರೂ ಬಹುಮಟ್ಟಿಗೆ ಒಬ್ಬರೇ. ಆದರೆ ಎಲ್ಲ ಕಡೆಯೂ ಒಂದೇ ಸಂಪ್ರದಾಯವಿಲ್ಲ. ಪೆರುವಿನ ಕುಸ್ಕೊ ಪ್ರಾಂತ್ಯದ ಪೌಕರ್ತಾಂಬೊ ಭಾಗದಲ್ಲಿ, 4,000 ಮೀಟರಿಗೂ ಎತ್ತರದ ಹಳ್ಳಿಗಳಲ್ಲಿ ಕೆರೊ ಜನರಿದ್ದಾರೆ. ಅವರ ಪೂಜಾರಿ-ವೈದ್ಯರನ್ನು ಪಾಕೋ ಎನ್ನುತ್ತಾರೆ. ಬೊಲಿವಿಯದ ಲಾ ಪಾಸ್ ಪ್ರಾಂತ್ಯದ ಚರಸಾನಿ, ಕೂರ್ವಾ ಊರುಗಳ ಸುತ್ತ ಕಲ್ಯವಾಯ ಎಂಬ ಸಂಚಾರಿ ಗಿಡಮೂಲಿಕೆ ವೈದ್ಯರಿದ್ದಾರೆ. ಲಾ ಪಾಸ್ ಮತ್ತು ಎಲ್ ಆಲ್ಟೊ ನಗರಗಳಲ್ಲಿ ಐಮಾರಾ ಭಾಷೆಯ ಯಾತಿರಿಗಳು ಕೊಕೇನಿನ ಮೂಲವಾದ ಕೊಕಾ ಗಿಡದ ಎಲೆ ಹರಡಿ ಕಣಿ ಹೇಳುತ್ತಾರೆ. ಉತ್ತರ ಪೆರುವಿನ ವಾಂಕಬಾಂಬ ಸರೋವರಗಳ ಕಡೆಯ ಕುರಂದೇರೊ ಎಂಬ ವೈದ್ಯರದ್ದು ಇನ್ನೊಂದೇ ಬಗೆ. ಅವರು ಸ್ಯಾನ್ ಪೆದ್ರೊ ಎಂಬ ಕಳ್ಳಿಯ ಕಷಾಯವನ್ನು ಬಳಸಿ ರಾತ್ರಿಯಿಡೀ ಕ್ರಿಯೆ ನಡೆಸುತ್ತಾರೆ. ಹೊರಡುವ ಮೊದಲು ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಅಗತ್ಯ. ಮೂರು ವಾರದಲ್ಲಿ ನಾಲ್ಕನ್ನೂ ಮುಟ್ಟಿ ಬರುವವರು ಸಾಮಾನ್ಯವಾಗಿ ಫೋಟೋಗಳನ್ನಷ್ಟೇ ತರುತ್ತಾರೆ.

ಆಯ್ಕೆಗೆ ಆಧಾರವಾಗಬೇಕಾದದ್ದು ನಿಮ್ಮ ಆಸಕ್ತಿ. ಗಿಡಮೂಲಿಕೆಯ ಕಡೆ ಒಲವಿರುವವರಿಗೆ, ಆಯುರ್ವೇದವನ್ನೋ ನಾಟಿ ವೈದ್ಯವನ್ನೋ ಬಲ್ಲವರಿಗೆ ಕಲ್ಯವಾಯರೇ ಸೂಕ್ತ. ಅವರ ಪರಂಪರೆಯನ್ನು ಯುನೆಸ್ಕೊ 2003ರಲ್ಲಿ ಗುರುತಿಸಿ, 2008ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಯುನೆಸ್ಕೊ ವಿವರಣೆಯ ಪ್ರಕಾರ ಅವರ ಔಷಧ ಭಂಡಾರದಲ್ಲಿ ಸುಮಾರು 980 ಸಸ್ಯಜಾತಿಗಳಿವೆ. ಆದರೆ ಆ ವಿದ್ಯೆ ಬಹಳಮಟ್ಟಿಗೆ ತಂದೆಯಿಂದ ಮಗನಿಗೆ ಸಾಗುವಂಥದ್ದು, ಹೊರಗಿನವರಿಗೆ ಅದರ ಅಂಚು ಮಾತ್ರ ಕಾಣುತ್ತದೆ. ಭೂಮಿ, ಬೆಟ್ಟ ಮತ್ತು ಮನುಷ್ಯರ ನಡುವಿನ ಸಂಬಂಧವನ್ನು, ಅಂದರೆ ಭೂತಾಯಿ ಪಚಮಾಮಳಿಗೂ ಬೆಟ್ಟದ ದೇವತೆಗಳಾದ ಅಪುಗಳಿಗೂ ಅರ್ಪಣೆ ಸಲ್ಲಿಸುವ ಕ್ರಮವನ್ನು ಅರಿಯಬೇಕೆನ್ನುವವರು ಕೆರೊ ಪಾಕೋಗಳ ಬಳಿ ಹೋಗಬೇಕು. ಭಾಷೆ ಬಾರದ, ಮೊದಲ ಬಾರಿ ಹೋಗುವ ಪ್ರಯಾಣಿಕರಿಗೆ ನಾನು ಸೂಚಿಸುವುದು ಇದನ್ನೇ. ಮುಂದಿನ ವಿವರಗಳೂ ಮುಖ್ಯವಾಗಿ ಇದಕ್ಕೇ ಸಂಬಂಧಿಸಿವೆ.

ಒಂದು ಗೊಂದಲವನ್ನು ಮೊದಲೇ ಬಗೆಹರಿಸಿಕೊಳ್ಳಬೇಕು. ಆಯಾವಾಸ್ಕಾ ಎಂಬ ಭ್ರಮಾಜನಕ ಪಾನೀಯವು ಅಮೆಜಾನ್ ಕಾಡಿನ ಜನರದು, ಕೆರೊಗಳದಲ್ಲ. ಕುಸ್ಕೊ ನಗರದ ಬೀದಿಗಳಲ್ಲಿ ಅದನ್ನೂ ಸ್ಯಾನ್ ಪೆದ್ರೊವನ್ನೂ ಪಾಕೋಗಳ ಕ್ರಿಯೆಯನ್ನೂ ಒಂದೇ ಪ್ಯಾಕೇಜಿನಲ್ಲಿ ಮಾರುವವರಿದ್ದಾರೆ. ಹಾಗೆ ಮಾರುವುದೇ ಅವರಿಗೆ ಈ ಸಂಪ್ರದಾಯಗಳು ಗೊತ್ತಿಲ್ಲ ಎಂಬುದಕ್ಕೆ ಸಾಕ್ಷಿ. ಸ್ಯಾನ್ ಪೆದ್ರೊ ಕಳ್ಳಿಗೆ ಆಂಡಿಸ್‌ನಲ್ಲಿ ದೀರ್ಘ ಇತಿಹಾಸವಿದೆ ಎಂಬುದು ನಿಜ. ಪೆರುವಿನ ಚಾವಿನ್ ದೆ ವಾಂತರ್‌ನ ಪ್ರಾಚೀನ ದೇಗುಲದ ಶಿಲ್ಪವೊಂದರಲ್ಲಿ ಅದನ್ನು ಕೈಯಲ್ಲಿ ಹಿಡಿದ ಆಕೃತಿಯನ್ನು ಕಾಣಬಹುದು. ಆದರೆ ಅದರಲ್ಲಿರುವುದು ಮೆಸ್ಕಲಿನ್ ಎಂಬ ಭ್ರಮಾಜನಕ. ಹೃದ್ರೋಗ, ರಕ್ತದೊತ್ತಡ, ಮಾನಸಿಕ ಕಾಯಿಲೆಯ ಇತಿಹಾಸವಿರುವವರು ಇವೆರಡರ ಹತ್ತಿರವೂ ಸುಳಿಯಬಾರದು. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರಿಗೆ ಆಯಾವಾಸ್ಕಾ ಪ್ರಾಣಾಪಾಯವನ್ನೇ ತರಬಲ್ಲದು. ಕೆರೊ ಕ್ರಮಕ್ಕೆ ಇವೆರಡೂ ಬೇಕಾಗಿಲ್ಲ. ಅಲ್ಲಿ ಎಲ್ಲಕ್ಕೂ ಮೂಲ ಕೊಕಾ ಎಲೆ.

ಭಾರತದಿಂದ ಪೆರುವಿಗೆ ನೇರ ವಿಮಾನವಿಲ್ಲ. ಯೂರೋಪಿನ ಯಾವುದಾದರೂ ನಗರದ ಮೂಲಕವೋ ಅಮೆರಿಕದ ಮೂಲಕವೋ ಲಿಮಾ ತಲುಪಿ, ಅಲ್ಲಿಂದ ಕುಸ್ಕೊಗೆ ಹಾರಬೇಕು. ಅಮೆರಿಕ, ಬ್ರಿಟನ್, ಷೆಂಗೆನ್ ಮುಂತಾದ ದೇಶಗಳ ವೀಸಾ ಇರುವ ಭಾರತೀಯರಿಗೆ ಕೆಲವು ಷರತ್ತುಗಳ ಮೇಲೆ ಪೆರು ವೀಸಾ ವಿನಾಯಿತಿ ನೀಡುತ್ತದೆ. ನಿಯಮ ಬದಲಾಗುವುದುಂಟು, ಆದ್ದರಿಂದ ಟಿಕೆಟ್ ಕೊಳ್ಳುವ ಮೊದಲೇ ದೆಹಲಿಯ ರಾಯಭಾರ ಕಚೇರಿಯಿಂದ ದೃಢಪಡಿಸಿಕೊಳ್ಳಿ. ದಾರಿಯ ದೇಶದ ಟ್ರಾನ್ಸಿಟ್ ವೀಸಾವನ್ನೂ ಮರೆಯಬೇಡಿ. ಪೆರು ಮತ್ತು ಬೊಲಿವಿಯದಿಂದ ಹಿಂತಿರುಗುವವರಿಗೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವನ್ನು ಭಾರತ ಕಡ್ಡಾಯ ಮಾಡಿದೆ. ಲಸಿಕೆ ಪಡೆದ 10 ದಿನಗಳ ನಂತರವಷ್ಟೇ ಪ್ರಮಾಣಪತ್ರ ಊರ್ಜಿತವಾಗುತ್ತದೆ. ಅದಿಲ್ಲದೆ ವಿಮಾನ ನಿಲ್ದಾಣದಲ್ಲಿ ಇಳಿದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಕಾಗದಪತ್ರಗಳಿಗಿಂತ ಹೆಚ್ಚು ಗಮನ ಬೇಡುವುದು ಎತ್ತರ. ಕುಸ್ಕೊ 3,400 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್ ಮಾತ್ರ. ವಿಮಾನದಿಂದ ಇಳಿದ ದಿನವೇ ನಗರದಲ್ಲಿ ಉಳಿಯದೆ, ಕಾರಿನಲ್ಲಿ ಉರುಬಾಂಬ ಕಣಿವೆಗೆ ಇಳಿದು, 2,900 ಮೀಟರಿನ ಆಸುಪಾಸಿನಲ್ಲಿ ಮೂರು ನಾಲ್ಕು ರಾತ್ರಿ ಕಳೆಯುವುದು ಒಳ್ಳೆಯದು. ಆಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು. ಎತ್ತರದ ಕಾಯಿಲೆಯನ್ನು ತಡೆಯುವ ಅಸೆಟಜೋಲಮೈಡ್ ಮಾತ್ರೆಯ ಬಗ್ಗೆ ಹೊರಡುವ ಮೊದಲೇ ವೈದ್ಯರನ್ನು ಕೇಳಬೇಕು. ಸಲ್ಫಾ ಅಲರ್ಜಿ ಇದ್ದರೆ ಅದನ್ನು ತಪ್ಪದೆ ಹೇಳಬೇಕು. ಕೊಕಾ ಚಹಾ ತಲೆಭಾರವನ್ನು ತುಸು ಇಳಿಸಬಹುದು, ಅಷ್ಟೆ. ಕುಳಿತಲ್ಲೇ ಏದುಸಿರು, ನೊರೆಗಫ, ನಡೆಯುವಾಗ ತೂರಾಟ, ಮಾತಿನಲ್ಲಿ ಗೊಂದಲ ಇವುಗಳಲ್ಲಿ ಒಂದು ಕಂಡರೂ, ಪಾಕೋ ಏನೇ ಹೇಳಲಿ, ಕ್ರಿಯೆ ಅರ್ಧಕ್ಕೆ ನಿಲ್ಲಲಿ, ಆ ಕ್ಷಣವೇ ಕೆಳಗಿಳಿಯಬೇಕು.

ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಒಣ ಹವೆ. ಹಗಲು ಬಿಸಿಲು ಚುರುಗುಟ್ಟಿದರೂ ಜೂನ್, ಜುಲೈ ರಾತ್ರಿಗಳಲ್ಲಿ ಎತ್ತರದ ಹಳ್ಳಿಗಳ ನೀರು ಹೆಪ್ಪುಗಟ್ಟುತ್ತದೆ. ಕಲಿಯಲು ಹೋಗುವವರಿಗೆ ಆಗಸ್ಟ್ ಅತ್ಯುತ್ತಮ ತಿಂಗಳು. ಆಗ ಪಚಮಾಮ ಹಸಿದಿರುತ್ತಾಳೆ ಎಂಬ ನಂಬಿಕೆಯಿದ್ದು, ಮನೆಮನೆಯಲ್ಲೂ ಅರ್ಪಣೆ ನಡೆಯುತ್ತದೆ. ಪ್ರವಾಸಿಗರಿಗಾಗಿ ಮಾಡುವ ಪೂಜೆಗೂ ತಮಗಾಗಿ ಮಾಡಿಕೊಳ್ಳುವ ಪೂಜೆಗೂ ಇರುವ ವ್ಯತ್ಯಾಸವನ್ನು ಕಣ್ಣಾರೆ ಕಾಣಬಹುದು. ಮೇ ಅಥವಾ ಜೂನ್‌ನಲ್ಲಿ ಸಿನಕಾರಾ ಕಣಿವೆಯಲ್ಲಿ ನಡೆಯುವ ಕೊಯ್ಲುರ್ ರಿತಿ ಜಾತ್ರೆಯೂ ನೋಡತಕ್ಕದ್ದೇ. ಹಿಂದೆ ಕರಡಿ ವೇಷದ ಉಕುಕುಗಳು ಅಲ್ಲಿನ ಹಿಮನದಿಯಿಂದ ಮಂಜುಗಡ್ಡೆ ಕಡಿದು ಹೊತ್ತು ತರುತ್ತಿದ್ದರು. ಹಿಮ ಕರಗುತ್ತಿರುವುದರಿಂದ ಈಗ ಆ ರೂಢಿಯನ್ನು ನಿಲ್ಲಿಸಿದ್ದಾರೆ.

ಗುರುವನ್ನು ಹುಡುಕುವಾಗ ಅವರ ಬಿರುದುಗಳಿಗಿಂತ ಊರನ್ನು ವಿಚಾರಿಸಿ. ಯಾವ ಹಳ್ಳಿ, ಯಾರ ಬಳಿ ಕಲಿತರು, ವರ್ಷದ ಎಷ್ಟು ಭಾಗ ಹಳ್ಳಿಯಲ್ಲಿರುತ್ತಾರೆ, ಅಲ್ಲಿನವರೇ ಅವರನ್ನು ಕರೆಸಿಕೊಳ್ಳುತ್ತಾರೆಯೇ ಎಂದು ಕೇಳುವುದರಲ್ಲಿ ಯಾವ ಅವಮರ್ಯಾದೆಯೂ ಇಲ್ಲ. ಹೆಚ್ಚಿನ ಪಾಕೋಗಳು ಆಲೂಗಡ್ಡೆ ಬೆಳೆಯುವ, ಅಲ್ಪಾಕಾ ಮೇಯಿಸುವ ರೈತರೇ. ಅವರಲ್ಲಿ ಪಂಪಮಿಸಾಯೋಕ್ ಎಂಬವರು ಅರ್ಪಣೆ ಕಟ್ಟುವುದರಲ್ಲಿ ಪರಿಣತರು; ಅವರಿಗಿಂತ ಮೇಲಿನ ಆಲ್ಟೊಮಿಸಾಯೋಕ್‌ಗಳು ಬೆಟ್ಟದ ದೇವತೆಗಳೊಡನೆ ನೇರವಾಗಿ ಮಾತನಾಡಬಲ್ಲರು ಎಂದು ನಂಬುತ್ತಾರೆ, ಅಂಥವರು ಬಹಳ ಅಪರೂಪ. ತಾನು ಆಲ್ಟೊಮಿಸಾಯೋಕ್ ಎಂದು ಮೊದಲ ಭೇಟಿಯಲ್ಲೇ ಹೇಳಿಕೊಳ್ಳುವವನಿಂದ ದೂರವಿರುವುದು ಕ್ಷೇಮ. ಮುಚ್ಚಿದ ಕೋಣೆಯಲ್ಲಿ ಒಬ್ಬಂಟಿಯಾಗಿ ಕ್ರಿಯೆಗೆ ಕೂರಿಸುವವರನ್ನು, ಮೈಮುಟ್ಟುವ ಮೊದಲು ಅನುಮತಿ ಕೇಳದವರನ್ನು ಮಹಿಳೆಯರು ಮುಲಾಜಿಲ್ಲದೆ ಬಿಟ್ಟು ಬರಬೇಕು. ಹಿರಿಯ ಪಾಕೋಗಳಲ್ಲಿ ಹಲವರಿಗೆ ಕೆಚುವಾ ಬಿಟ್ಟರೆ ಸ್ಪ್ಯಾನಿಷ್ ಕೂಡ ಅಷ್ಟಕ್ಕಷ್ಟೆ. ಹಾಗಾಗಿ ಕೆಚುವಾ ಬಲ್ಲ ದುಭಾಷಿಯೊಬ್ಬರನ್ನು ಗೊತ್ತುಮಾಡಿಕೊಳ್ಳಿ. ಖರ್ಚು ಉಳಿಸಬೇಕಾದರೆ ಹೋಟೆಲಿನಲ್ಲಿ ಉಳಿಸಿ, ಇದರಲ್ಲಿ ಬೇಡ.

ಹಳ್ಳಿಗೆ ಹೋಗುವಾಗ ಬರಿಗೈಯಲ್ಲಿ ಹೋಗಬಾರದು. ಕುಸ್ಕೊದ ಸ್ಯಾನ್ ಪೆದ್ರೊ ಮಾರುಕಟ್ಟೆಯಲ್ಲಿ ಒಳ್ಳೆಯ ಕೊಕಾ ಎಲೆ, ಬ್ರೆಡ್, ಹಣ್ಣು, ಸಕ್ಕರೆ ಕೊಂಡೊಯ್ಯಿರಿ. ಹಿರಿಯರನ್ನು ಹೆಸರಿನ ಮೊದಲು ದೋನ್, ದೋನ್ಯಾ ಎಂದು ಸೇರಿಸಿ ಮಾತನಾಡಿಸಬೇಕು. ಕೊಟ್ಟದ್ದನ್ನು ಎರಡೂ ಕೈಗಳಿಂದ ತೆಗೆದುಕೊಳ್ಳಬೇಕು. ಮೊದಲ ಪಾಠ ಬಹುತೇಕ ಕಿಂತು ಹಿಡಿಯುವುದೇ. ಚೀಲದಿಂದ ಹರಿಯದ, ಚುಕ್ಕೆಯಿಲ್ಲದ ಮೂರು ಎಲೆಗಳನ್ನು ಆರಿಸಿ, ಹೊಳಪಿನ ಮುಖ ಒಂದೇ ಕಡೆಗಿರುವಂತೆ ಒಂದರ ಮೇಲೊಂದಿಟ್ಟು, ತೊಟ್ಟುಗಳನ್ನು ಬೆರಳ ತುದಿಯಲ್ಲಿ ಹಿಡಿದು, ಬಾಯಿಯ ಮುಂದೆ ತಂದು, ಸುತ್ತಲ ಬೆಟ್ಟಗಳ ಹೆಸರು ಹೇಳುತ್ತಾ ಮೆಲ್ಲಗೆ ಊದಬೇಕು. ಔಸಂಗಾತೆ ಆ ಸೀಮೆಯ ಹಿರಿಯ ಅಪು, 6,384 ಮೀಟರ್. ಅದರ ಹೆಸರು ಮೊದಲು ಬರುತ್ತದೆ, ಆಮೇಲೆ ಊರಿನ ಸಣ್ಣ ಬೆಟ್ಟಗಳದ್ದು. ಆ ಹೆಸರುಗಳನ್ನು ಪುಸ್ತಕದಲ್ಲಿ ಬರೆದುಕೊಂಡು ಕಂಠಪಾಠ ಮಾಡಿ. ಎಷ್ಟೋ ಶಿಬಿರಾರ್ಥಿಗಳು ಶಕ್ತಿಸಂಚಾರದ ಬಗ್ಗೆ ಗಂಟೆಗಟ್ಟಲೆ ಪ್ರಶ್ನೆ ಕೇಳುತ್ತಾರೆ, ಎದುರಿನ ಬೆಟ್ಟದ ಹೆಸರು ಕೇಳಿದರೆ ಗೊತ್ತಿರುವುದಿಲ್ಲ.

ಡೆಸ್ಪಾಚೊ ಎಂಬ ಅರ್ಪಣೆಯನ್ನು ಕಟ್ಟುವಾಗ ಪಕ್ಕದಲ್ಲಿ ಕುಳಿತು ನೋಡುವ ಅವಕಾಶ ಸಿಕ್ಕರೆ, ಕ್ಯಾಮೆರಾ ಒಳಗಿಡಿ. ಹಾಸಿದ ಬಿಳಿ ಕಾಗದದ ನಡುವೆ ಕಡಲ ಚಿಪ್ಪು, ಸುತ್ತ ಕಿಂತುಗಳು, ಮೇಲೆ ಕೆಂಪು ಬಿಳಿ ಕಾರ್ನೇಷನ್ ಎಸಳು, ಕಾಳು, ಬಣ್ಣದ ಮಿಠಾಯಿ, ಉಣ್ಣೆಯ ಎಳೆ, ಮೋಡಕ್ಕಾಗಿ ಹತ್ತಿ, ಚಿನ್ನ ಬೆಳ್ಳಿ ಬಣ್ಣದ ಕಾಗದ ಹೀಗೆ ಒಂದೊಂದಾಗಿ ಇಡುತ್ತಾ ಹೋಗುತ್ತಾರೆ. ನಂತರ ಮಡಿಚಿ, ದಾರ ಕಟ್ಟಿ, ಕೂತವರ ತಲೆಗೆ ಮುಟ್ಟಿಸಿ ಕೆಂಡದಲ್ಲಿ ಸುಡುತ್ತಾರೆ ಅಥವಾ ಹೂಳುತ್ತಾರೆ. ಭೂತಾಯಿ ಉಣ್ಣುವುದನ್ನು ನೋಡಬಾರದೆಂದು ಸಾಮಾನ್ಯವಾಗಿ ಎಲ್ಲರೂ ಬೆನ್ನು ತಿರುಗಿಸುತ್ತಾರೆ. ಸಸ್ಯಾಹಾರಿಗಳು ತಿಳಿದಿರಬೇಕಾದ ಸಂಗತಿಯೆಂದರೆ, ಇದರಲ್ಲಿ ಲಾಮಾ ಎಂಬ ಸಾಕುಪ್ರಾಣಿಯ ಕೊಬ್ಬು ಇರುತ್ತದೆ, ಕೆಲವೊಮ್ಮೆ ಒಣಗಿಸಿದ ಲಾಮಾ ಭ್ರೂಣವೂ ಇರುತ್ತದೆ. ಅದು ಮನಸ್ಸಿಗೆ ಒಗ್ಗದಿದ್ದರೆ ದುಭಾಷಿಯ ಮೂಲಕ ಮುಂಚೆಯೇ ವಿನಯದಿಂದ ತಿಳಿಸಬಹುದು. ಕೂತ ಮೇಲೆ ಮುಖ ಸಿಂಡರಿಸುವುದು ಸರಿಯಲ್ಲ. ಊಟಕ್ಕೆ ಆಲೂಗಡ್ಡೆ, ಕಿನೋವಾ, ಮಂಜಿನಲ್ಲಿ ಒಣಗಿಸಿದ ಆಲೂಗಡ್ಡೆಯಾದ ಚುನ್ಯೊ ಧಾರಾಳವಾಗಿ ಸಿಗುತ್ತವೆ, ಆದರೆ ಸೂಪಿನ ನೀರು ಮಾಂಸದ್ದಾಗಿರಬಹುದು.

ಚಿಕಿತ್ಸೆಯ ಬಗ್ಗೆ ನಿರೀಕ್ಷೆ ಮಿತವಾಗಿರಲಿ. ಬೆಚ್ಚಿಬಿದ್ದ ಮಗುವಿನ ಆತ್ಮ ದೇಹ ಬಿಟ್ಟು ಹೋಗಿದೆಯೆಂದು ಹೆಸರು ಹಿಡಿದು ಕರೆಯುವ ಕ್ರಿಯೆ, ಗಿನಿಹಂದಿಯನ್ನು ರೋಗಿಯ ಮೈಮೇಲೆ ಆಡಿಸಿ ಆಮೇಲೆ ಅದರ ಹೊಟ್ಟೆ ಸೀಳಿ ರೋಗದ ಜಾಗ ಹೇಳುವ ಕ್ರಮ ಇವೆಲ್ಲ ಅಲ್ಲಿ ಇಂದಿಗೂ ಜೀವಂತವಾಗಿವೆ. ದೃಷ್ಟಿ ತೆಗೆಯುವುದನ್ನು ಕಂಡು ಬೆಳೆದವರಿಗೆ ಇದರ ತರ್ಕ ಬೇಗ ಅರ್ಥವಾಗುತ್ತದೆ. ಅದನ್ನು ನೋಡಬಹುದು, ಕೇಳಿ ತಿಳಿಯಬಹುದು. ಕೆಲವು ವಾರಗಳಲ್ಲಿ ಕಲಿತು ಇನ್ನೊಬ್ಬರಿಗೆ ಮಾಡಲಾಗದು. ಸಿಡಿಲು ಬಡಿದು ಬದುಕಿದವರನ್ನು ಬೆಟ್ಟವೇ ಪಾಕೋ ಆಗಲು ಕರೆದಿದೆ ಎಂದು ನಂಬುವ ಸಮಾಜವದು. ಶುಲ್ಕ ಕಟ್ಟಿದವರಿಗೆಲ್ಲ ದೀಕ್ಷೆ, ಪ್ರಮಾಣಪತ್ರ ಕೊಡುವ ಶಿಬಿರಗಳನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕು. ನಿಮ್ಮ ಕಾಯಿಲೆಗೆ ಊರಿನ ವೈದ್ಯರು ಕೊಟ್ಟ ಮಾತ್ರೆಗಳನ್ನು ಒಂದು ದಿನವೂ ನಿಲ್ಲಿಸಬಾರದು.

ಹಣದ ವಿಷಯವನ್ನು ಸಂಕೋಚವಿಲ್ಲದೆ ಮೊದಲೇ ಮಾತನಾಡಿಕೊಳ್ಳಿ. ಐನಿ ಎಂಬ ಕೊಡುಕೊಳ್ಳುವ ನಿಯಮ ಅವರ ಬದುಕಿನ ಆಧಾರ. ಇಂದು ನನ್ನ ಹೊಲದಲ್ಲಿ ನೀನು ದುಡಿದರೆ ನಾಳೆ ನಿನ್ನ ಹೊಲದಲ್ಲಿ ನಾನು. ವಿದ್ಯೆ ಪವಿತ್ರವಾದ್ದರಿಂದ ಪುಕ್ಕಟೆಯಾಗಿ ಸಿಗಬೇಕೆಂಬ ವಾದ ಅಲ್ಲಿ ನಡೆಯುವುದಿಲ್ಲ. ಮಧ್ಯವರ್ತಿ ಎಷ್ಟು ಇಟ್ಟುಕೊಳ್ಳುತ್ತಾನೆ, ಪಾಕೋಗೆ ಎಷ್ಟು ಸೇರುತ್ತದೆ ಎಂದು ಕೇಳಿ, ಸಾಧ್ಯವಾದರೆ ಅವರ ಕೈಗೇ ಕೊಡಿ.

ಹಿಂತಿರುಗುವ ಮೊದಲು ಜೇಬು, ಚೀಲಗಳನ್ನು ಕೊಡವಿ ನೋಡಿ. ಪೆರುವಿನಲ್ಲಿ ಅಂಗಡಿಯಲ್ಲೇ ಸಿಗುವ ಕೊಕಾ ಎಲೆ, ಕೊಕಾ ಚಹಾದ ಪೊಟ್ಟಣ, ಕೊಕಾ ಮಿಠಾಯಿ ಭಾರತದಲ್ಲಿ 1985ರ ಮಾದಕ ವಸ್ತುಗಳ ಕಾಯ್ದೆಯಡಿ ನಿಷಿದ್ಧ. ದಾರಿಯ ದೇಶಗಳಲ್ಲೂ ತೊಂದರೆಯಾಗಬಹುದು. ಒಣಗಿದ ಕಳ್ಳಿಯ ತುಂಡು, ಪ್ರಾಣಿಯ ಅಂಗ, ಬೀಜಗಳನ್ನೂ ತರಬೇಡಿ. ಪಾಕೋ ಕೊಟ್ಟ ಕಲ್ಲು, ನೇಯ್ದ ಬಟ್ಟೆ ತರಬಹುದು. ಕಲಿತದ್ದನ್ನು ಬೆಂಗಳೂರಿನಲ್ಲೋ ಬೇರೆಡೆಯಲ್ಲೋ ಇತರರಿಗೆ ಹೇಳಿಕೊಡುವ ಯೋಚನೆಯಿದ್ದರೆ, ಯಾವುದನ್ನು ಹೇಳಬಹುದು, ಯಾವುದನ್ನು ಹೇಳಬಾರದು ಎಂದು ಅಲ್ಲಿರುವಾಗಲೇ ಪಾಕೋ ಅವರನ್ನು ಕೇಳಿ, ದುಭಾಷಿಯ ಎದುರಿನಲ್ಲಿ ಒಪ್ಪಿಗೆ ಪಡೆದು ಬನ್ನಿ.