ಹಿಂಡಿದ ಕ್ಯಾರೆಟ್, ಒಣಗಿದ ಬಾಕ್ಸ್

"ಕ್ಯಾರೆಟ್ ಹಿಂಡಿ ಕೇಕಿಗೆ ಹಾಕ್ತೀಯಾ? ಉಳಿಯೋದು ನಾರು ಮಾತ್ರ ನೋಡು" ಅಂತ ಕಾರವಾರದ ಗೆಳತಿ ನಕ್ಕಿದ್ದಳು. ನನಗಿಂತ ಐದಾರು ವರ್ಷ ಮೊದಲಿನಿಂದ ಕೇಕ್ ಮಾಡುವವಳು. ಹಾಗಾಗಿ ಎದುರು ಮಾತಾಡಲಿಲ್ಲ. ಹೋದ ಮಳೆಗಾಲದಲ್ಲಿ ಶಿರಸಿಯ ನಮ್ಮ ಮನೆಯಿಂದ 40ರ ಹತ್ತಿರ ಕ್ಯಾರೆಟ್ ಕೇಕ್ ಹೋದವು. ಒಂದೂ ವಾಪಸ್ ಬರಲಿಲ್ಲ. ಮಳೆಗಾಲದಲ್ಲೂ ಕೇಕ್ ಒದ್ದೆಯಾಗದ ಹಾಗೆ ಕ್ಯಾರೆಟ್ ಹಿಂಡುವುದು ಹೇಗೆ ಅಂತ ಈಗ ಬರೆಯಬಹುದು ಅಲ್ವಾ?

ಅದಕ್ಕೂ ಮೊದಲಿನ ವರ್ಷದ ಕಥೆ ಬೇರೆ. ಬೇಸಿಗೆಯಲ್ಲಿ ಚೆನ್ನಾಗಿ ಬರುತ್ತಿದ್ದ ಅದೇ ಕೇಕು ಜೂನ್ ಹಿಡಿದದ್ದೇ ತಳದಲ್ಲಿ ಅಂಟಂಟಾಯಿತು. ಇನ್ನೂ ಹತ್ತು ನಿಮಿಷ ಬೇಯಿಸಿದರೆ ಮೇಲೆ ಸಿಪ್ಪೆ ಕಟ್ಟಿ ಒಡೆಯುತ್ತಿತ್ತು, ತಳ ಹಾಗೇ ಹಸಿ. ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟುವಷ್ಟರಲ್ಲಿ ನಡು ಕುಸಿದು, ಬಾಕ್ಸಿನ ಪೇಪರ್ ಒದ್ದೆ. ಏಳೋ ಎಂಟೋ ಕೇಕ್ ಹಾಳು. ದುಡ್ಡು ವಾಪಸ್ ಕೊಟ್ಟಿದ್ದೂ ಸೇರಿ ನಾಲ್ಕು ಸಾವಿರದ ಮೇಲೆ ಹೋಯಿತು. ಮಳೆಗೆ ಕ್ಯಾರೆಟ್ ಕಿಲೋಕ್ಕೆ 80 ರೂಪಾಯಿ ಬೇರೆ.

ತಪ್ಪು ಕ್ಯಾರೆಟ್ಟಿನ ನೀರಿನದು. ಮೊದಲು ಕುಕ್ಕರಿನಲ್ಲಿ ಬೇಯಿಸಿ ರುಬ್ಬಿ ಹಾಕಿದೆ. ಕೇಕಲ್ಲ, ಹಲ್ವಾ ಆಯಿತು. ಆಮೇಲೆ 5,500 ಕೊಟ್ಟು ಫುಡ್ ಪ್ರೊಸೆಸರ್ ತಂದೆ. ಅದು ಕ್ಯಾರೆಟ್ಟನ್ನು ಜಜ್ಜಿ ಇನ್ನಷ್ಟು ನೀರು ಬಿಡಿಸಿತು. ಈಗ ಅದರಲ್ಲಿ ಚಟ್ನಿ ಮಾಡುತ್ತೇನೆ. ಒಂದು ಸಲ ತುರಿಯನ್ನು ಅಡಿಕೆ ಒಣಗಿಸುವ ಡ್ರೈಯರಿನಲ್ಲೂ ಇಟ್ಟೆ, ನಮ್ಮವರು ನಗುತ್ತಲೇ ಜಾಗ ಕೊಟ್ಟರು. ನೀರೇನೋ ಹೋಯಿತು. ಆದರೆ ಕೇಕ್ ತಿಂದವರೆಲ್ಲ ಕಡ್ಡಿ ಹುಡುಕಿದರು, ಹಲ್ಲಿನ ಸಂದಿಗೆ ಹಾಗೆ ಸಿಕ್ಕುತ್ತಿತ್ತು. ಹೊಗೆ ವಾಸನೆ ಬೇರೆ.

ದಾರಿ ಸಿಕ್ಕಿದ್ದು ತೆಳ್ಳೇವಿನಿಂದ, ಅಂದರೆ ನಮ್ಮ ಕಡೆಯ ತೆಳು ದೋಸೆಯಿಂದ. ಅತ್ತೆ ಸೌತೆಕಾಯಿ ತುರಿದು ಅದರ ನೀರಲ್ಲೇ ಅಕ್ಕಿ ರುಬ್ಬುವವರು, ಬೇರೆ ನೀರು ಮುಟ್ಟುವುದಿಲ್ಲ. ನಾನು ಕ್ಯಾರೆಟ್ ಹಿಂಡಿ ಆ ನೀರನ್ನು ಸಿಂಕಿಗೆ ಸುರಿಯುವುದು ನೋಡಿ, "ಆ ನೀರು ಎಂತಕ್ಕೆ ಚೆಲ್ತೆ ಮಾರಾಯ್ತಿ? ರುಚಿ ಎಲ್ಲಾ ಅದ್ರಲ್ಲೇ ಹೋಗ್ತು" ಅಂದರು. ಗೆಳತಿ ಹೇಳಿದ್ದೂ ಅರ್ಧ ಅದನ್ನೇ. ಚೆಲ್ಲದೇ ಇದ್ದರಾಯಿತಲ್ಲ!

ಈಗ ಮಾಡುವುದು ಹೀಗೆ. ಕಿಲೋ ಕೇಕಿಗೆ ಸುಮಾರು 300 ಗ್ರಾಂ ತುರಿ, ಕೈಯಲ್ಲೇ, ತುರಿಮಣೆಯ ನಡುವಿನ ತೂತಿನಲ್ಲಿ. ಸಣ್ಣ ತೂತಿನಲ್ಲಿ ತುರಿದರೆ ಮುದ್ದೆ, ದೊಡ್ಡದರಲ್ಲಿ ಹಸಿಹಸಿ. ದಪ್ಪ ಕ್ಯಾರೆಟ್ಟಿನ ನಡುವಿನ ಹಳದಿ ದಿಂಡು ಬೇಡ, ಅದು ಪಲ್ಯಕ್ಕೆ. ತುರಿಗೆ ಎರಡು ದೊಡ್ಡ ಚಮಚ ಸಕ್ಕರೆ ಬೆರೆಸಿ ಮುಕ್ಕಾಲು ಗಂಟೆ ಬಿಡಿ. ಈ ಸಕ್ಕರೆಯನ್ನು ಒಟ್ಟು ಲೆಕ್ಕದಲ್ಲಿ ಕಳೆಯಿರಿ, ನಾನು ಮೊದಲೆರಡು ಸಲ ಮರೆತಿದ್ದೆ. ಉಪ್ಪು ಹಾಕಿದರೆ ನೀರು ಬೇಗ ಬಿಡುತ್ತದೆ, ಆದರೆ ಕೇಕ್ ಉಪ್ಪುಪ್ಪು. ಹಳೇ ಪಂಚೆಯ ಬಟ್ಟೆಯಲ್ಲಿ ಕಟ್ಟಿ ಹಿಂಡಿದರೆ ಅರ್ಧ ಲೋಟದಷ್ಟು ನೀರು ಬರುತ್ತದೆ. ಅದನ್ನು ಸಣ್ಣ ಉರಿಯಲ್ಲಿ ಬತ್ತಿಸಿ, ಇಳಿಸುವ ಮೊದಲು ಒಂದು ಚಮಚ ಜೋನಿ ಬೆಲ್ಲ (ನೀರಾಗಿರುವ ಬೆಲ್ಲ). ಕೊನೆಗೆ ಉಳಿಯುವುದು ಮೂರು ಚಮಚ ಪಾಕ. ತಣಿದ ಮೇಲೆ ಎಣ್ಣೆಯ ಜೊತೆ ಸೇರಿಸುತ್ತೇನೆ. ಎಷ್ಟು ಗಟ್ಟಿ ಹಿಂಡಬೇಕು ಅನ್ನುವುದು ಕೈಗೇ ಗೊತ್ತಾಗಬೇಕು. ಪೂರ್ತಿ ಹಿಂಡಿದರೆ ಗೆಳತಿ ಹೇಳಿದ್ದೇ ನಿಜವಾಗುತ್ತದೆ. ಹಿಂಡಿದ ತುರಿಗೆ ನಾನು ಇನ್ನೊಂದು ಸಾಮಾನು ಸವರುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಒಂದು ಎಚ್ಚರಿಕೆ. ಒಬ್ಬರು ಫೋನ್ ಮಾಡಿ "ಕೇಕಲ್ಲಿ ಬೂಸ್ಟು ಬಂದಿದೆ" ಅಂದರು. ಎದೆ ಧಸಕ್ಕೆಂದಿತು. ಹೋಗಿ ನೋಡಿದರೆ ಬೂಸ್ಟಲ್ಲ, ಕ್ಯಾರೆಟ್ ಎಳೆಗಳೇ ಹಸಿರಾಗಿದ್ದವು. ಅಡುಗೆ ಸೋಡಾ ಜಾಸ್ತಿಯಾದರೆ, ಇಲ್ಲವೇ ಅದರ ಗಂಟು ಉಳಿದರೆ ಹೀಗಾಗುತ್ತದೆ. ತಿನ್ನಲು ತೊಂದರೆಯಿಲ್ಲ, ಆದರೆ 650 ರೂಪಾಯಿ ಕೊಟ್ಟವರಿಗೆ ಅದನ್ನು ಹೇಳಿ ಒಪ್ಪಿಸುವುದು ಹೇಗೆ? ಇನ್ನೊಂದು ಕೇಕ್ ಮಾಡಿ ಕೊಟ್ಟೆ. ಈಗ ಸೋಡಾ ಎರಡು ಸಲ ಜರಡಿ ಹಿಡಿಯುತ್ತೇನೆ.

ಚಳಿಗಾಲದ ಕೆಂಪು ಗಜ್ಜರಿಯಲ್ಲೂ ನೋಡಿದೆ. ಸಿಹಿ ಜಾಸ್ತಿ, ನೀರೂ ಜಾಸ್ತಿ, ಬಣ್ಣ ಕೇಕಿಗೆಲ್ಲ ಹಿಡಿಯುತ್ತದೆ. ಗಜ್ಜರಿ ಹಲ್ವಾಕ್ಕೇ ಇರಲಿ. ಸೌತೆಯ ಜಾತಿಯ ಮೊಗೆಕಾಯಿಯಲ್ಲೂ ಇದೇ ಕೆಲಸ ಮಾಡಿದ್ದೇನೆ, ಏಲಕ್ಕಿ ಹಾಕಿ. ಮೂರು ಸಲವೂ ನಡು ಕುಸಿಯಿತು. ಅತ್ತೆಗೆ ಮಾತ್ರ ಭಾರೀ ಇಷ್ಟ, ಹಾಗಾಗಿ ಅದರ ಖರ್ಚು ಲೆಕ್ಕಕ್ಕಿಲ್ಲ.

ಆಗಸ್ಟಿನಲ್ಲಿ ಕಾರವಾರಕ್ಕೆ ಒಂದು ಕೇಕ್ ಹೋಗಬೇಕಿತ್ತು. ಬೇಕಂತಲೇ ಗೆಳತಿಯ ಮನೆಯ ಮೂಲಕವೇ ಕಳಿಸಿದೆ, ಅವಳಿಗೂ ಒಂದು ತುಂಡು ಬೇರೆ ಕಟ್ಟಿ. ಸಂಜೆ ಬಾಕ್ಸಿನ ತಳದ ಪೇಪರಿನ ಫೋಟೋ ಕಳಿಸಿದಳು. ಒಣಗಿತ್ತು. ಕೆಳಗೆ ಒಂದೇ ಸಾಲು: "ಆ ಇನ್ನೊಂದು ಸಾಮಾನು ಯಾವುದೇ?"